ಚಿಕ್ಕಮ್ಮ, ಆ ಓಟಿಪಿ ಮೆಸೇಜ್ ಡಿಲೀಟ್ ಮಾಡ್ಬೇಡಿ

ಚಿಕ್ಕಮ್ಮ, ಟೈಪ್ ಮಾಡ್ತಾ ಕೂತ್ರೆ ತಡ ಆಗತ್ತೆ, ಮಾತಲ್ಲೇ ಹೇಳ್ಬಿಡ್ತೀನಿ. ನಿನ್ನೆ ರಾತ್ರಿ ನೀವು ಕೇಳದೇನೇ 3 ಸಲ ಓಟಿಪಿ ಬಂತು, ಬೆಳಗ್ಗೆಯಿಂದ ಸಿಗ್ನಲ್ಲೇ ಇಲ್ಲ, ವೈಫೈನಲ್ಲಿ ಮೆಸೇಜ್ ಮಾಡ್ತಿದೀನಿ ಅಂದ್ರಲ್ಲ, ಅದಕ್ಕೆ ಚಿಕ್ಕಪ್ಪ ಟವರ್ ಪ್ರಾಬ್ಲಂ ಇರ್ಬೇಕು ಅಂದ್ರು. ಇರಬಹುದು ಚಿಕ್ಕಪ್ಪ. ಆದ್ರೆ ಎರಡೂ ಬೆನ್ನಿಗೆ ಬೆನ್ನಿಗೇ ಬಂದಿದೆ, ನಂಗ್ಯಾಕೋ ಸರಿ ಕಾಣ್ತಿಲ್ಲ. ನಿಮ್ದೂ ಅದೇ ಕಂಪನಿ ಸಿಮ್ ತಾನೆ? ನಿಮ್ಮ ಫೋನಿಗೆ ಸಿಗ್ನಲ್ ಇದ್ದು ಚಿಕ್ಕಮ್ಮಂದಕ್ಕೆ ಮಾತ್ರ ಇಲ್ಲ ಅಂದ್ರೆ, ಯಾರೋ ಅವರ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತಗೊಂಡಿರಬಹುದು. ಹೊಸದು ಚಾಲೂ ಆದ ಕೂಡ್ಲೇ ಹಳೇ ಸಿಮ್ ಸತ್ತೋಗತ್ತೆ, ಆಮೇಲಿನ ಓಟಿಪಿ ಎಲ್ಲಾ ಅವನ ಕೈಗೇ.

ನಾನು ಇಷ್ಟು ಗಾಬರಿ ಬೀಳ್ತಿರೋದು ಯಾಕೆ ಗೊತ್ತಾ? ನಂಗೊಂದ್ಸಲ 'ನಿಮ್ಮ ಸಾಲದ ಅರ್ಜಿ ಪರಿಶೀಲನೆಯಲ್ಲಿದೆ' ಅಂತ ಮೆಸೇಜ್ ಬಂದಿತ್ತು. ಜಾಹೀರಾತು ಅಂದ್ಕೊಂಡು ಅಳಿಸಿಬಿಟ್ಟೆ. 2 ತಿಂಗಳಾದ್ಮೇಲೆ ವಸೂಲಿಯವನು ಫೋನ್ ಮಾಡಿದ. ಪೂರ್ತಿ ಹೆಸರು, ಹುಟ್ಟಿದ ದಿನ, ಎಲ್ಲಾ ಕರೆಕ್ಟಾಗಿ ಹೇಳ್ದ, ಆದ್ರೆ ಸಾಲ ಮಾತ್ರ ನಂದಲ್ಲ. ಕ್ರೆಡಿಟ್ ರಿಪೋರ್ಟ್, ಅಂದ್ರೆ ನಮ್ಮ ಹೆಸರಲ್ಲಿರೋ ಸಾಲಗಳ ಲೆಕ್ಕ, ತೆಗೆದು ನೋಡಿದ್ರೆ ನಾನು ಕಾಲೇ ಇಡದ ಮನೆ ವಿಳಾಸ ನನ್ನದು ಅಂತಿದೆ! ಸಾಲದ ಅರ್ಜಿ ಬಂದಾಗ ಯಾರ್ಯಾರು ನನ್ನ ರಿಪೋರ್ಟ್ ನೋಡಿದ್ರು ಅಂತ ತೋರಿಸೋ ಎನ್‌ಕ್ವೈರಿ ಅನ್ನೋ ಕಡೆ ಕೇಳರಿಯದ ಕಂಪನಿ ಹೆಸರು, ತಾರೀಖು ಆ ಮೆಸೇಜ್ ಬಂದ ದಿನದ್ದೇ. ಅವತ್ತೇ ಆ ಕಂಪನಿಗೆ ಫೋನ್ ಮಾಡಿದ್ರೆ ಅರ್ಜಿ ಅಲ್ಲೇ ನಿಲ್ತಿತ್ತು.

ಇನ್ನೊಂದು, ಏನೋ ಬಂದ್ರೆ ಮಾತ್ರ ಅಪಾಯ ಅಂದ್ಕೋಬೇಡಿ. ಬರ್ತಿದ್ದದ್ದು ನಿಂತೋದ್ರೂ ಅನುಮಾನ ಪಡ್ಬೇಕು. ತಿಂಗಳು ತಿಂಗಳು ಬರ್ತಿದ್ದ ಸ್ಟೇಟ್‌ಮೆಂಟ್ ಬಂದಿಲ್ಲ ಅಂದ್ರೆ ಯಾರೋ ವಿಳಾಸ ಬದಲಾಯಿಸಿರಬಹುದು. ಇಮೇಲ್ ಒಳಗೆ ನುಗ್ಗಿದವರು ಬ್ಯಾಂಕಿನ ಮೇಲ್ ಬಂದ ತಕ್ಷಣ ಕಸದಬುಟ್ಟಿಗೆ ಹೋಗೋ ಹಾಗೆ ಫಿಲ್ಟರ್ ಹಾಕಿಟ್ಟಿರ್ತಾರೆ. ಸೆಟ್ಟಿಂಗ್ಸಲ್ಲಿ ಆ ಫಿಲ್ಟರ್, ಆಮೇಲೆ ಬಂದ ಮೇಲ್ ತಾನಾಗೇ ಬೇರೆ ಕಡೆ ಹೋಗೋ ಫಾರ್ವರ್ಡಿಂಗ್, ಎರಡನ್ನೂ ಸಂಜೆ ನಾನೇ ವೀಡಿಯೋ ಕಾಲಲ್ಲಿ ತೋರಿಸ್ತೀನಿ. ಹಾಂ, ಕಾರ್ಡಿಂದ ಚಿಲ್ಲರೆ ಕಾಸು ಹೋಗಿದ್ರೂ ಬಿಡ್ಬೇಡಿ, ಕಾರ್ಡ್ ನಡೆಯತ್ತಾ ಅಂತ ಕಳ್ಳರು ಮೊದ್ಲು ಹಾಗೇ ಪರೀಕ್ಷೆ ಮಾಡೋದು.

ಈಗ ಚಿಕ್ಕಪ್ಪನ ಫೋನ್ ಇಸ್ಕೊಳ್ಳಿ. ಮೊದ್ಲು ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಆಮೇಲೆ ಸಿಮ್ ಕಂಪನಿಗೆ. ಬ್ಯಾಂಕಿನ ನಂಬರ್ ಕಾರ್ಡ್ ಹಿಂದೇನೇ ಇರತ್ತೆ, ಗೂಗಲ್ಲಲ್ಲಿ ಹುಡುಕ್ಬೇಡಿ, ಅಲ್ಲೂ ಕಳ್ಳರ ನಂಬರ್ ಇರತ್ತೆ. ಏನಂದ್ರು ಅಂತ ಇಲ್ಲೇ ಹಾಕಿ, ನಾನು ಫೋನ್ ಹಿಡ್ಕೊಂಡೇ ಕೂತಿರ್ತೀನಿ.