ಯಾರು ಯಾರಿಗೆ ಹಾಡೋದು?

ಗುಂಪು: ಜಪಾನೀ ಕ್ಲಾಸ್, ಹಳೇ ಬ್ಯಾಚ್

ವಿದ್ಯಾ, 7:12
[ಫೋಟೊ: ಬೀಳ್ಕೊಡುಗೆಗೆ 10 ಕೋರಸ್ ಹಾಡುಗಳು]
ಈ ಪಟ್ಟಿ ಇಲ್ಲಿ ಜಪಾನಲ್ಲಿ ನಮ್ಮ ಶಾಲೆಯ ಪಿಟಿಎ (ಪೋಷಕರು-ಟೀಚರ್‌ಗಳ ಸಂಘ) ಗುಂಪಿನಲ್ಲಿ ಬಂತು. ಮಾರ್ಚ್‌ನಲ್ಲಿ ಜೂನಿಯರ್ ಹೈಸ್ಕೂಲ್ ಬೀಳ್ಕೊಡುಗೆ, ಅದು ಮುಗಿದ ಮೇಲೆ ಟೀಚರ್‌ಗಳಿಗೆ ಥ್ಯಾಂಕ್ಸ್ ಹೇಳೋ ಶಒನ್‌ಕೈ. ಅಲ್ಲಿ ಪೋಷಕರೇ ಹಾಡ್ಬೇಕು. 26 ಜನ, ಅದರಲ್ಲಿ ಗಂಡಸರು 5. ಪ್ರಾಕ್ಟೀಸ್ 4 ಸಲ, ಒಂದೊಂದು ಗಂಟೆ. ಪಟ್ಟಿಯಲ್ಲಿ ಮೊದಲನೇದು 'ದೈಚಿ ಸನ್‌ಶೋ', ಅದೇ ಇರಲಿ ಅಂತಿದ್ದಾರೆ.

ಶ್ರೀಧರ, 7:20
ಬೇಡ ವಿದ್ಯಾ. ಅದು ನಾಲ್ಕು ದನಿಯ ಹಾಡು. ಇರೋ 5 ಗಂಡಸರನ್ನ ಟೆನರ್ (ಗಂಡಸರ ಮೇಲಿನ ದನಿ), ಬಾಸ್ (ಗಂಡಸರ ಕೆಳಗಿನ ದನಿ) ಅಂತ ಒಡೆದ್ರೆ 2 ಮತ್ತು 3. ಎದುರಿಗೆ 21 ಹೆಂಗಸರು. ಬಾಸ್ ಕೇಳಿಸೋದೇ ಇಲ್ಲ, ಬಾಸ್ ಇಲ್ಲದಿದ್ರೆ ಆ ಹಾಡು ನಿಲ್ಲಲ್ಲ. ಮೇಲಾಗಿ ಬಿ ಮೇಜರ್ ಶ್ರುತಿ, ಐದು ಶಾರ್ಪ್ (ಸ್ವರವನ್ನ ಅರ್ಧ ಏರಿಸೋ ಗುರುತು). ಮೂಲದಲ್ಲಿ ಅದು 1962ರ 'ತ್ಸುಚಿ ನೊ ಉತ' ಅನ್ನೋ ಕಂಟಾಟಾದ (ಹಲವು ಭಾಗಗಳ ದೊಡ್ಡ ಗಾಯನ ಕೃತಿ) ಏಳನೇ, ಕೊನೇ ಭಾಗ. ಆರ್ಕೆಸ್ಟ್ರಾ ಜತೆ ಹಾಡೋಕೆ ಬರೆದಿದ್ದು. ಪಿಯಾನೋಗೆ ಇಳಿಸಿದಾಗ ಎರಡೂ ಕೈ ತುಂಬಾ ಸ್ವರ, ನುಡಿಸೋರು ಗಟ್ಟಿಗರಾಗಿರಬೇಕು.

ಮಂಜುಳಾ, 7:26
ಒಪ್ಪಲ್ಲ ಶ್ರೀಧರ. 15 ವರ್ಷದ ಮಕ್ಕಳೇ ಅದನ್ನ ಹಾಡ್ತಾರಲ್ಲ? ಅಲ್ಲಿನ ಅಪ್ಪ-ಅಮ್ಮಂದಿರಲ್ಲಿ ಎಷ್ಟೋ ಜನ ಶಾಲೇಲಿ ಕಲಿತಿರ್ತಾರೆ. ಅರ್ಧ ಕೆಲಸ ಆಗ್ಲೇ ಮುಗಿದಿದೆ.

ಶ್ರೀಧರ, 7:31
ಅಲ್ಲೇ ಎಡವೋದು. ಇಷ್ಟು ವರ್ಷ ಆದ್ಮೇಲೆ ನೆನಪಲ್ಲಿ ಉಳಿಯೋದು ಮೇಲಿನ ರಾಗ ಒಂದೇ. ಆಲ್ಟೊದಲ್ಲಿ (ಹೆಂಗಸರ ಕೆಳಗಿನ ದನಿ) ನಿಂತೋರೂ ಗೊತ್ತಿಲ್ಲದೆ ಸೊಪ್ರಾನೊಗೆ (ಮೇಲಿನ ದನಿ) ಜಾರ್ತಾರೆ. ಮಕ್ಕಳು ಅದನ್ನ ತಿಂಗಳುಗಟ್ಟಲೆ ಅಭ್ಯಾಸ ಮಾಡ್ತಾರೆ. ಇಲ್ಲಿರೋದು ಒಟ್ಟು 4 ಗಂಟೆ.

ಲತಕ್ಕ, 7:40
ದನಿ ಲೆಕ್ಕ ಆಮೇಲೆ ನೋಡ್ರೋ. ಮೊದಲು ಯಾರು ಯಾರಿಗೆ ಹಾಡ್ತಿದ್ದಾರೆ ಅಂತ ಕೇಳ್ಕೊಳ್ಳಿ. ಪಟ್ಟಿಯಲ್ಲಿ 'ಅಒಗೆಬ ತೋತೊಶಿ' ಇದೆ, 1884ರ ಶಾಲಾ ಹಾಡು. ಅದು ಶಿಷ್ಯರು ಗುರುಗಳಿಗೆ ಹೇಳೋ ಮಾತು, ಪೋಷಕರ ಬಾಯಿಗೆ ಹೊಂದಲ್ಲ. 'ತಬಿದಚಿ ನೊ ಹಿ ನಿ' ನೋಡಿ. 1991ರಲ್ಲಿ ಸೈತಾಮಾದ ಚಿಚಿಬು ಊರಿನ ಕಗೆಮೊರಿ ಜೂನಿಯರ್ ಹೈಸ್ಕೂಲಲ್ಲಿ ಹೆಡ್‌ಮಾಸ್ಟರು ಸಾಲು ಬರೆದು, ಸಂಗೀತದ ಟೀಚರು ರಾಗ ಹಾಕಿ, ಹೊರಟು ನಿಂತ ಮಕ್ಕಳಿಗೆ ಟೀಚರ್‌ಗಳೇ ಹಾಡಿದ್ದು. ದೊಡ್ಡವರ ಬಾಯಿಗೆ ಅಂತಲೇ ಹುಟ್ಟಿದ ಹಾಡು ಅದು, ಪೋಷಕರಿಗೂ ಹೊಂದುತ್ತೆ.

ವಿದ್ಯಾ, 7:44
ಲತಕ್ಕ, ಅದನ್ನ ಮಕ್ಕಳೇ ಸಮಾರಂಭದಲ್ಲಿ ಹಾಡಿಬಿಟ್ರೆ?

ಲತಕ್ಕ, 7:45
ಹಾಡೋ ಸಾಧ್ಯತೆನೇ ಜಾಸ್ತಿ. ಇವತ್ತೇ ಶಾಲೆಗೆ ಫೋನ್ ಮಾಡಿ ಕೇಳು. ಬೆಳಿಗ್ಗೆ ಮಕ್ಕಳು ಅತ್ತುಕೊಂಡು ಹಾಡಿದ್ದನ್ನ ಮಧ್ಯಾಹ್ನ ನೀವು ಮತ್ತೆ ಹಾಡಬಾರದು.

ಮಂಜುಳಾ, 7:52
ಹಾಗಾದ್ರೆ 'ತೆಗಮಿ'. 2008ರ ಎನ್‌ಎಚ್‌ಕೆ (ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ) ಶಾಲಾ ಸಂಗೀತ ಸ್ಪರ್ಧೆಗೆ ಜೂನಿಯರ್ ಹೈಸ್ಕೂಲಿನ ಕಡ್ಡಾಯ ಹಾಡು. 15 ವರ್ಷದ ಮಗು ಮುಂದಿನ ತನಗೇ ಪತ್ರ ಬರೆಯುತ್ತೆ, ಆಮೇಲೆ ದೊಡ್ಡವರಾದ ಅದೇ ಜೀವ ಉತ್ತರ ಕೊಡುತ್ತೆ. ಆ ಉತ್ತರದ ಭಾಗವನ್ನ ಪೋಷಕರು ಹಾಡಿದ್ರೆ ಎಷ್ಟು ಚೆಂದ!

ಶ್ರೀಧರ, 7:58
ಆಲೋಚನೆ ನಿಜವಾಗ್ಲೂ ಚೆಂದ ಇದೆ. ಆದರೆ ಅದರಲ್ಲಿ ಮಾತು ದಟ್ಟ, ಅಕ್ಷರಗಳು ತಾಳದ ಮಧ್ಯೆ ಮಧ್ಯೆ ಬೀಳುತ್ತವೆ. 26 ಜನ ಒಂದೇ ಬಾಯಲ್ಲಿ ಹೇಳೋ ಹಾಗೆ ಮಾಡೋದಕ್ಕೇ ನಾಲ್ಕೂ ಪ್ರಾಕ್ಟೀಸ್ ಹೋಗುತ್ತೆ. ಸಿಡಿ ಜತೆ ಹಾಡಿದ್ರಂತೂ ಒಂದು ಸಲ ತಪ್ಪಿದ್ರೆ ಮುಗೀತು, ಸಿಡಿ ಯಾರಿಗೂ ಕಾಯಲ್ಲ.

ವಿದ್ಯಾ, 10:35
ಶಾಲೆಗೆ ಕೇಳಿದೆ. ಮಕ್ಕಳು 'ತಬಿದಚಿ'ನೇ ಹಾಡ್ತಾರೆ.

ಲತಕ್ಕ, 10:41
ಸರಿ, 'ತ್ಸುಬಸ ಒ ಕುದಸೈ' ಎರಡು ದನಿಯದ್ದು ತಗೋ. 1971ರ ಹಾಡು, ಸಂಗೀತದ ಪಠ್ಯದಲ್ಲೂ ಬಂದಿದೆ, ಟೀಚರ್‌ಗಳಿಗೂ ಬರುತ್ತೆ. 11 ಜನ ಮೇಲೆ, 10 ಜನ ಕೆಳಗೆ, 5 ಗಂಡಸರು ಕೆಳಗಿನ ದನಿಯನ್ನೇ ಒಂದು ಸಪ್ತಕ ಇಳಿಸಿ ಹಾಡ್ಲಿ. ಶುರುವಿಗೆ ಎಲ್ಲರೂ ಒಂದೇ ದನಿ, ಪಲ್ಲವಿ ಬಂದಾಗ ಎರಡು ದನಿಯಾಗಿ ಒಡೀರಿ. ಮೊದಲ ಪ್ರಾಕ್ಟೀಸಲ್ಲಿ ಕೆಳಗಿನ ದನಿ ಮಾತ್ರ ಕಲಿಸು, ಮೇಲಿನದು ಎಲ್ಲರಿಗೂ ಗೊತ್ತಿರುತ್ತೆ. ಎರಡನ್ನೂ ಒಟ್ಟಿಗೆ ಶುರು ಮಾಡಿದ್ರೆ ಕೆಳಗಿನವರು ಮೇಲಕ್ಕೆ ಹತ್ತಿಬಿಡ್ತಾರೆ. ಪ್ರಾಕ್ಟೀಸ್ ಸಂಜೆ ಇರುತ್ತಲ್ಲ, ದಣಿದ ಗಂಟಲಿಗೆ ಎತ್ತರ ಅನ್ನಿಸಿದ್ರೆ ಡಿಜಿಟಲ್ ಪಿಯಾನೋದಲ್ಲಿ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸೋ ಬಟನ್) ಒತ್ತಿ ಎರಡು ಸೆಮಿಟೋನ್ (ಅರ್ಧ ಸ್ವರ) ಇಳಿಸಿ.

ಮಂಜುಳಾ, 10:50
ಉಚ್ಚಾರಕ್ಕೆ ಕನ್ನಡ ಲಿಪೀಲಿ ಬರ್ಕೋ ವಿದ್ಯಾ, ಇಂಗ್ಲಿಷ್ ಅಕ್ಷರ ಬೇಡ. ಜಪಾನೀಲೂ ಒ, ಓ ಬೇರೆ ಬೇರೆ. ಹಾಡಿನ ಸಾಲನ್ನ 'ಕೊನೊ ಓಜೊರ' ಅಂತ ಬರೆದ್ರೆ ಎಲ್ಲಿ ಎಳೀಬೇಕು ಅಂತ ಕಣ್ಣಿಗೇ ಕಾಣುತ್ತೆ. ಇನ್ನೊಂದು, ಕೋರಸ್ ಟೀಚರ್‌ಗಳು ಪದದ ನಡುವಿನ 'ಗ'ವನ್ನ ಮೂಗಿಂದ ಹೇಳಿಸ್ತಾರೆ. 'ಹಿರೊಗೆ' ಅಲ್ಲ, 'ಹಿರೊಙೆ'. ವರ್ಣಮಾಲೆಯಲ್ಲಿ ಓದಿ ಬಿಟ್ಟ ಆ ಙ ಇಲ್ಲಿ ಕೆಲಸಕ್ಕೆ ಬರುತ್ತೆ. ಪದದ ಶುರುವಿನ 'ಗ' ಮಾತ್ರ ಗಟ್ಟಿಯಾಗೇ ಇರಲಿ.

ವಿದ್ಯಾ, 10:56
ಮುಗಿಸೋಕೆ 'ಹೊತರು ನೊ ಹಿಕರಿ' ಎಲ್ಲರೂ ಸೇರಿ ಹಾಡೋಣ ಅಂತಿದ್ದಾರೆ. ಅಂಗಡಿ ಮುಚ್ಚೋವಾಗ ಹಾಕೋ ಹಾಡು ಅಂತ ಒಬ್ಬರು ಬೇಡ ಅಂತಾರೆ.

ಶ್ರೀಧರ, 11:04
ಅಂಗಡೀಲಿ ಸಾಮಾನ್ಯವಾಗಿ ಕೇಳೋದು ಅದೇ ರಾಗದ ಮೂರು ಎಣಿಕೆಯ ವಾಲ್ಟ್ಸ್. ಶಾಲೆಯದ್ದು ನಾಲ್ಕು ಎಣಿಕೆ, 1881ರಿಂದ ಇರೋದು, ರಾಗ ಸ್ಕಾಟ್ಲೆಂಡಿಂದ ಬಂದಿದ್ದು. ಧೈರ್ಯವಾಗಿ ಹಾಡಿ. ಒಂದೇ ಎಚ್ಚರ: ಮೊದಲಕ್ಷರ 'ಹೊ' ಬೀಳೋದು ನಾಲ್ಕನೇ ಎಣಿಕೆ ಮೇಲೆ. ಕೈ ತೋರಿಸೋರು 1, 2, 3 ಎಣಿಸಿ, ಮೂರಕ್ಕೆ ಉಸಿರು ತಗೊಳ್ಳೋ ಹಾಗೆ ಕೈ ಎತ್ತಬೇಕು. 1-2-3-4 ಪೂರ್ತಿ ಎಣಿಸಿದ್ರೆ ಅರ್ಧ ಜನ ನಾಲ್ಕಕ್ಕೆ, ಅರ್ಧ ಜನ ಮುಂದಿನ ಒಂದಕ್ಕೆ ಶುರು ಮಾಡ್ತಾರೆ. ಮೊದಲ ಎರಡು ಚರಣ ಸಾಕು. ಮೂರು, ನಾಲ್ಕು ದೇಶಸೇವೆ, ಗಡಿ ಕಾಯೋ ಮಾತಿನವು, ಈಗ ಸಾಮಾನ್ಯವಾಗಿ ಹಾಡಲ್ಲ.

ಲತಕ್ಕ, 11:10
ಸ್ವರಪುಸ್ತಕ ಒಂದೇ ತಂದು ಜೆರಾಕ್ಸ್ ಹೊಡೆಸ್ಬೇಡ. ಟಿಕೆಟ್ಟು, ಸಂಭಾವನೆ ಇಲ್ಲದೆ ಹಾಡೋಕೆ ಅಲ್ಲಿನ ಕಾನೂನಲ್ಲಿ ಅನುಮತಿ ಬೇಡ. ಪೋಷಕರಿಗೆಲ್ಲ ಪ್ರತಿ ಮಾಡಿ ಹಂಚೋದು ಬೇರೆ ವಿಷಯ, ತಲೆಗೊಂದು ಕೊಳ್ಳಬೇಕು.

ವಿದ್ಯಾ, 11:13
26 ಮತ್ತೆ ಪಿಯಾನೋಗೆ 1, ಒಟ್ಟು 27 ಆರ್ಡರ್ ಹಾಕ್ತೀನಿ ಅಕ್ಕ. ಕೆಳಗಿನ ದನಿ ಮಾತ್ರ ನುಡಿಸಿದ ಆಡಿಯೊ ಇದ್ರೆ ಯಾರಾದ್ರೂ ಕಳಿಸಿ, ಶನಿವಾರ ಮೊದಲ ಪ್ರಾಕ್ಟೀಸ್.