ಪೆಟೂನಿಯಾ ಮತ್ತು ಕ್ಯಾಲಿಬ್ರಕೋವ: ಒಂದೇ ಕುಲವೇ, ಬೇರೆ ಬೇರೆಯೇ?

ಪ್ರಶ್ನೆ

ನಮಸ್ಕಾರ. ನಮ್ಮ ತಾರಸಿಯಲ್ಲಿ ಪೆಟೂನಿಯಾ ಮತ್ತು ಕಿರುಹೂವಿನ ಕ್ಯಾಲಿಬ್ರಕೋವ ಗಿಡಗಳ ಕುಂಡಗಳು ಅಕ್ಕಪಕ್ಕದಲ್ಲಿವೆ. ಎರಡರ ಎಲೆಗಳೂ ಮುಟ್ಟಿದರೆ ಬೆರಳಿಗೆ ಅಂಟುತ್ತವೆ, ಹೂಗಳೂ ತುತ್ತೂರಿಯ ಆಕಾರದವೇ. ಹಳೆಯ ಪುಸ್ತಕಗಳು ಎರಡನ್ನೂ ಪೆಟೂನಿಯಾ ಎಂದು ಕರೆದರೆ ಹೊಸವು ಬೇರೆ ಕುಲಗಳೆನ್ನುತ್ತವೆ. ಇದಕ್ಕೆ ಆಧಾರವೇನು? ಎರಡು ವರ್ಷಗಳಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಕುಂಚದಿಂದ ಸವರಿ ನೋಡಿದ್ದೇನೆ, ಒಂದು ಬೀಜವೂ ಕಟ್ಟಿಲ್ಲ.

ಉತ್ತರ 1

ಬೀಜ ಕಟ್ಟದಿರುವುದಕ್ಕೂ ನಿಮ್ಮ ಪ್ರಶ್ನೆಗೂ ನೇರ ಸಂಬಂಧವಿದೆ. ಎರಡೂ ದಕ್ಷಿಣ ಅಮೆರಿಕದ ಮೂಲದವು, ಬದನೆ, ಹೊಗೆಸೊಪ್ಪುಗಳಿರುವ ಸೋಲನೇಸಿ ಕುಟುಂಬಕ್ಕೆ ಸೇರಿದವು. ಪೆಟೂನಿಯಾ ಎಂಬ ಹೆಸರೇ ಹೊಗೆಸೊಪ್ಪಿಗಿದ್ದ ‘ಪೆಟುನ್’ ಎಂಬ ಅಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದದ್ದು. ಆದರೆ ಪೆಟೂನಿಯಾದ ಜೀವಕೋಶದಲ್ಲಿ 14 ವರ್ಣತಂತುಗಳಿದ್ದರೆ ಕ್ಯಾಲಿಬ್ರಕೋವದಲ್ಲಿ 18 ಇವೆ; ಈ ವ್ಯತ್ಯಾಸವೇ ಅವನ್ನು ಬೇರೆ ಕುಲಗಳೆನ್ನಲು ಒಂದು ಆಧಾರ, ಬೀಜ ಕಟ್ಟದಿರಲೂ ಒಂದು ಕಾರಣ. ನಮ್ಮ ಕುಂಡಗಳ ಪೆಟೂನಿಯಾ, ಇರುಳಿನಲ್ಲಿ ಪತಂಗಗಳನ್ನು ಸೆಳೆಯುವ ಬಿಳಿ ಹೂವಿನ ಆಕ್ಸಿಲಾರಿಸ್ ಮತ್ತು ಜೇನ್ನೊಣಗಳನ್ನು ಸೆಳೆಯುವ ನೇರಳೆ ಹೂವಿನ ಇಂಟೆಗ್ರಿಫೋಲಿಯಾ ಪ್ರಭೇದಗಳ ಸಂಕರ; ಆ ಎರಡರಲ್ಲಿಯೂ 14 ಇರುವುದರಿಂದ ಅವು ಕೂಡಿದವು.

ಉತ್ತರ 2

ಹೆಸರಿನ ಕಥೆ ಇನ್ನೂ ಸೂಕ್ಷ್ಮವಾದದ್ದು. 1803ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಜುಸ್ಸಿಯು, ಲಾ ಪ್ಲಾಟಾ ನದೀಮುಖದ ಸುತ್ತ ಇನ್ನೊಬ್ಬ ಸಸ್ಯವಿಜ್ಞಾನಿ ಕಾಮರ್ಸನ್ ಸಂಗ್ರಹಿಸಿದ್ದ ಒಣಗಿಡಗಳನ್ನು ಆಧರಿಸಿ ಪೆಟೂನಿಯಾ ಕುಲವನ್ನು ಎರಡು ಪ್ರಭೇದಗಳೊಡನೆ ಸ್ಥಾಪಿಸಿದರು. ಒಂದರಲ್ಲಿ 14, ಇನ್ನೊಂದರಲ್ಲಿ 18 ವರ್ಣತಂತುಗಳಿವೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಮುಂದೆ ಕುಲದ ಮಾದರಿಯೆಂದು, ಅಂದರೆ ಕುಲದ ಹೆಸರು ಸದಾ ಅಂಟಿಕೊಂಡಿರಬೇಕಾದ ಪ್ರಭೇದವೆಂದು, ಗುರುತಿಸಲ್ಪಟ್ಟದ್ದು 18ರ ಪ್ರಭೇದ. ಹೀಗಾಗಿ 1985ರಲ್ಲಿ ಸಸ್ಯವಿಜ್ಞಾನಿಗಳಾದ ವೈಸ್‌ಮನ್ ಮತ್ತು ಡ ಯಾಂಗ್ ಕುಲವನ್ನು ಒಡೆದಾಗ, ಸಸ್ಯನಾಮಕರಣದ ನಿಯಮದಂತೆ ತೋಟದ ಗಿಡವೇ ಪೆಟೂನಿಯಾ ಎಂಬ ಹೆಸರನ್ನು ಕಳೆದುಕೊಂಡು ಸ್ಟಿಮೊರೈನ್ ಎಂಬ ಬೇರೆ ಕುಲನಾಮ ಪಡೆಯಬೇಕಿತ್ತು. ಲೋಕವೆಲ್ಲ ಬಳಸುವ ಹೆಸರು ಹೀಗೆ ಅದಲುಬದಲಾದರೆ ಗೊಂದಲವೇ ಉಳಿಯುತ್ತಿತ್ತು. ಆದ್ದರಿಂದ ಮಾದರಿಯನ್ನು ಬದಲಿಸಿ ಹೆಸರನ್ನು ಸಂರಕ್ಷಿಸಲಾಯಿತು. 18ರ ಗುಂಪಿಗೆ 1825ರಲ್ಲಿಯೇ ಮೆಕ್ಸಿಕೊದಿಂದ ವರ್ಣಿಸಲ್ಪಟ್ಟಿದ್ದ ಕ್ಯಾಲಿಬ್ರಕೋವ ಎಂಬ ಹೆಸರು ದಕ್ಕಿತು. ಇದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಉತ್ತರ 3

ವರ್ಣತಂತು ಎಣಿಸಲು ಸೂಕ್ಷ್ಮದರ್ಶಕ ಬೇಕು, ಮೊಗ್ಗು ನೋಡಲು ಕಣ್ಣೇ ಸಾಕು. ನಾಳೆ ಅರಳಲಿರುವ ಕ್ಯಾಲಿಬ್ರಕೋವ ಮೊಗ್ಗನ್ನು ಮೆಲ್ಲನೆ ಬಿಡಿಸಿ: ಬಹುತೇಕ ಪ್ರಭೇದಗಳಲ್ಲಿ ಕೆಳಗಿನ ಒಂದು ದಳ, ಉದ್ದಕ್ಕೆ ಮಡಿಚಿಕೊಂಡ ಉಳಿದ ನಾಲ್ಕನ್ನೂ ಹೊದ್ದುಕೊಂಡಿರುತ್ತದೆ. ಪೆಟೂನಿಯಾದಲ್ಲಿ ಈ ಮಡಿಕೆಯಿಲ್ಲ. ಇನ್ನೊಂದು ಮಾತು: ಇವೆರಡರ ಸಂಕರ ಅಸಾಧ್ಯವೆಂದಲ್ಲ. ಎಳೆಯ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಪಡೆದ ಪೆಟ್ಕೋವ ಎಂಬ ಗಿಡಗಳು ಮಾರುಕಟ್ಟೆಯಲ್ಲಿವೆ. ಕುಂಚದಿಂದ ಮಾತ್ರ ಅದು ಸಾಧ್ಯವಾಗುವುದು ಕಷ್ಟ.