ಅಪ್‌ಡೇಟ್: ಜಿಮ್ ಬಿಟ್ಟ ಮೇಲೆ ಮಾಂಸಖಂಡ ಕೊಬ್ಬಾಯ್ತಾ?

ಭುಜದ ನೋವಿನಿಂದ ಜಿಮ್ ನಿಲ್ಲಿಸಿದ್ದೇನೆ, ಬೆಳೆಸಿದ ಮಾಂಸಖಂಡವೆಲ್ಲ ಕೊಬ್ಬಾಗಿಬಿಡುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಈಗ ನೋವು ಹೋಗಿದೆ, ಮತ್ತೆ ಶುರು ಮಾಡಿದ್ದೇನೆ.

ಕೊಬ್ಬಾಗಲಿಲ್ಲ, ಆಗುವುದೂ ಇಲ್ಲ. ಎರಡರ ಜೀವಕೋಶಗಳೇ ಬೇರೆ. ಆದರೆ ಅಂಗಿಯ ತೋಳು ಸಡಿಲವಾಯಿತು, ಪ್ಯಾಂಟಿನ ಹುಕ್ ಬಿಗಿಯಾಯಿತು. ವ್ಯಾಯಾಮ ನಿಂತರೂ ಹಸಿವು ಹಾಗೇ ಇತ್ತು, ಅಲ್ವಾ? ಖರ್ಚಾಗದೆ ಉಳಿದದ್ದು ಹೊಟ್ಟೆಯ ಸುತ್ತ ಸೇರಿಕೊಂಡಿತು.

ಮೊದಮೊದಲು ತೋಳು ಸಣ್ಣಗೆ ಕಂಡಾಗ ತುಂಬಾ ಗಾಬರಿಯಾಗಿತ್ತು. ಆದರೆ ಆಗ ಇಳಿದದ್ದರಲ್ಲಿ ಜಾಸ್ತಿ ಪಾಲು ನೀರು. ಸ್ನಾಯುವಿನಲ್ಲಿರುವ 1 ಗ್ರಾಂ ಗ್ಲೈಕೋಜನ್ (ಶಕ್ತಿಗಾಗಿ ಕೂಡಿಟ್ಟ ಸಕ್ಕರೆ) ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಭ್ಯಾಸ ನಿಂತರೆ ಅದು ಇಳಿಯುತ್ತದೆ, ತೋಳೂ ಇಳಿದಂತೆ ಕಾಣುತ್ತದೆ. ಭಾರ ಎತ್ತುವ ಶಕ್ತಿ 3-4 ವಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ದಮ್ಮು ಮಾತ್ರ ಬೇಗ ಹೋಗುತ್ತದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು.

ಖುಷಿಯ ವಿಷಯ ಅಂದರೆ, ಕಳೆದುಕೊಂಡದ್ದು ಮೊದಲ ಸಲಕ್ಕಿಂತ ಎಷ್ಟೋ ಬೇಗ ವಾಪಸ್ ಬರುತ್ತಿದೆ. 2010ರಲ್ಲಿ ಓಸ್ಲೋ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದಕ್ಕೊಂದು ಕಾರಣ ಕಂಡಿದ್ದರು. ಬೆಳೆದ ಸ್ನಾಯು ಮತ್ತೆ ಸಣ್ಣಗಾದರೂ, ಬೆಳೆಯುವಾಗ ಸೇರಿದ್ದ ಕೋಶಕೇಂದ್ರಗಳು (ಸ್ನಾಯುಕೋಶದ ಬೆಳವಣಿಗೆಯನ್ನು ನಡೆಸುವ ನ್ಯೂಕ್ಲಿಯಸ್‌ಗಳು) ಉಳಿದುಕೊಂಡಿದ್ದವು. ಮನುಷ್ಯರಲ್ಲಿ ಇದು ಹೇಗೆ ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ಪೂರ್ತಿ ಬಿಡುವ ಬದಲು ಸ್ವಲ್ಪವಾದರೂ ಮಾಡಿ ಅಂತ ಒಬ್ಬರು ಹೇಳಿದ್ದರು. ಅದು ನಿಜ. 2011ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಯುವಕರು ಮೊದಲಿನ ವ್ಯಾಯಾಮದ ಒಂಬತ್ತನೇ ಒಂದು ಪಾಲು ಮಾಡಿಯೂ ಸ್ನಾಯುವಿನ ಗಾತ್ರ ಉಳಿಸಿಕೊಂಡರು. 60 ದಾಟಿದವರಿಗೆ ಅಷ್ಟು ಸಾಲಲಿಲ್ಲ. ಅದಕ್ಕೇ ಈಗ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೇನೆ.